ಒಂಬತ್ತನೇ ಗ್ರೇಡಿನ ಕೋರ್ಸ್ ಫಾರ್ಮ್ ಬಗ್ಗೆ ಕನ್ನಡದ ಅಪ್ಪ ಅಮ್ಮಂದಿರಿಗೆ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಕೂತು ನಿಮ್ಮ ಪತ್ರಿಕೆನ ಮೊಬೈಲಲ್ಲಿ ಓದೋ ಎಷ್ಟೋ ಜನರಲ್ಲಿ ನಾನೂ ಒಬ್ಬಳು. ನನ್ನ ಮಕ್ಕಳು ಇಲ್ಲೇ ಹೈಸ್ಕೂಲ್ ಮುಗಿಸಿದ್ರು, ಆಮೇಲಿಂದ ನಮ್ಮ ಕನ್ನಡ ಕೂಟದಲ್ಲಿ ಎಂಟನೇ ಗ್ರೇಡಿನ ಮಕ್ಕಳಿರೋ ಮನೆಯವರ ಜೊತೆ ಕೂತು ಕೋರ್ಸ್ ಫಾರ್ಮ್ ತುಂಬೋಕೆ ಕೈಲಾದ ಸಹಾಯ ಮಾಡ್ತಾ ಬಂದಿದ್ದೀನಿ. ಹೊಸ ವರ್ಷ ಬಂದು ಮಾರ್ಚ್ ಮುಗಿಯೋದ್ರೊಳಗೆ ಹೆಚ್ಚಿನ ಸ್ಕೂಲುಗಳಲ್ಲಿ ಮುಂದಿನ ವರ್ಷದ ಫ್ರೆಶ್‌ಮನ್, ಅಂದ್ರೆ ಒಂಬತ್ತನೇ ಗ್ರೇಡಿನ ಮಕ್ಕಳು ಕೋರ್ಸ್ ಆರಿಸ್ಬೇಕು. ಫಾರ್ಮ್ ಬಂದ ದಿನದಿಂದ ವಾಟ್ಸಾಪ್ ಗ್ರೂಪಲ್ಲಿ ಅದೇ ಮಾತು, ಯಾರ ಮಗ ಎಷ್ಟು ಆನರ್ಸ್ (ಮಾಮೂಲಿಗಿಂತ ಕಷ್ಟದ ಕೋರ್ಸ್) ತಗೊಂಡ, ಯಾರ ಮಗಳು ಮೊದಲನೇ ವರ್ಷವೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜ್ ಮಟ್ಟದ ಕೋರ್ಸ್) ತಗೊಂಡ್ಲು, ನಾವು ಹಿಂದೆ ಬಿದ್ವಾ ಅಂತ. ಮಗು ಪಕ್ಕದ ರೂಮಲ್ಲೇ ಇರುತ್ತೆ, ಅದನ್ನ ಮಾತ್ರ ಯಾರೂ ಕೇಳಿರಲ್ಲ. ನೋಡಿ ನೋಡಿ ಸಂಕಟ ಆಗಿ ಈ ಪತ್ರ ಬರೀತಿದ್ದೀನಿ.

ನಮ್ಮ ತಲೇಲಿ ಇನ್ನೂ ಊರಿನ ಲೆಕ್ಕನೇ ಕೂತಿದೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಪಿಸಿಎಂಬಿನೋ ಪಿಸಿಎಂಸಿನೋ ಕಾಮರ್ಸೋ ಅಂತ ಒಂದೇ ಸಲ ತೀರ್ಮಾನ, ಒಂದು ಕಡೆ ಸೇರಿದ್ಮೇಲೆ ಇನ್ನೊಂದು ಕಡೆಗೆ ಬರೋದು ಬಹಳ ಕಷ್ಟ. ಅದೇ ಭಯ ಇಲ್ಲಿನ ಫಾರ್ಮ್ ನೋಡಿದಾಗ್ಲೂ ಬರುತ್ತೆ. ಆದ್ರೆ ಇಲ್ಲಿ ಸ್ಟ್ರೀಮ್ ಅನ್ನೋದೇ ಇಲ್ಲ. ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ವರ್ಷ ಇಂಗ್ಲಿಷು, ಮ್ಯಾಥ್ಸು, ಸೈನ್ಸು, ಹಿಸ್ಟರಿ ಎಲ್ಲ ಜೊತೆಜೊತೆಗೇ ಸಾಗುತ್ತೆ, ಹತ್ತನೇ ಗ್ರೇಡಲ್ಲಿ ಬಯಾಲಜಿ ಬೇಡ ಅನ್ಸಿದ ಹುಡುಗ ಹನ್ನೊಂದರಲ್ಲಿ ಎಕನಾಮಿಕ್ಸ್ ಕಡೆ ವಾಲಿದ್ರೆ ಯಾರೂ ತಡೆಯಲ್ಲ. ನಾನು ಎಲ್ರಿಗೂ ಹೇಳೋದು ಒಂದೇ, ಮೊದಲೇ ಯೋಚ್ನೆ ಮಾಡಿ ಗಟ್ಟಿಯಾಗಿ ಹಾಕ್ಬೇಕಾದ ಗೆರೆ ಎರಡು, ಮ್ಯಾಥ್ಸಿಂದು ಮತ್ತು ಭಾಷೆದು. ಮಿಕ್ಕಿದ್ದನ್ನ ಸಡಿಲವಾಗಿ ಬಿಡಿ, ಮಗುಗೆ ಬಿಡಿ.

ಹೇಗೆ ಅಂದ್ರೆ, ಫಾರ್ಮ್ ಮುಟ್ಟೋಕೆ ಮುಂಚೆ ಒಂದು ಬಿಳಿ ಹಾಳೆ ಅಡ್ಡಕ್ಕೆ ಇಟ್ಕೊಳ್ಳಿ, ನಾಲ್ಕು ಕಾಲಂ ಎಳೀರಿ, ಒಂಬತ್ತು ಹತ್ತು ಹನ್ನೊಂದು ಹನ್ನೆರಡು ಅಂತ. ಪ್ರತಿ ಕಾಲಮ್ಮಲ್ಲಿ ನಿಮ್ಮ ಸ್ಕೂಲಲ್ಲಿ ದಿನಕ್ಕೆ ಎಷ್ಟು ಪೀರಿಯಡ್ಡೋ ಅಷ್ಟು ಖಾನೆ, ಆರೋ ಏಳೋ ಇರುತ್ತೆ. ಪೆನ್ಸಿಲ್ ಮಗು ಕೈಗೆ ಕೊಡಿ. ಸ್ಕೂಲಿನ ಕೋರ್ಸ್ ಕ್ಯಾಟಲಾಗ್ ತೆಗೆದು ಡಿಪ್ಲೊಮಾಗೆ ಬೇಕೇ ಬೇಕಾದ್ದನ್ನ ಮೊದಲು ತುಂಬಿಸಿ, ಪಿಇ (ವ್ಯಾಯಾಮ, ಆಟದ ಕ್ಲಾಸ್) ಸೇರಿಸಿ, ಅದನ್ನ ನಮ್ಮವರು ಸುಮಾರು ಜನ ಮರೀತಾರೆ, ಕ್ಯಾಲಿಫೋರ್ನಿಯಾದಲ್ಲಂತೂ ಅದು ಎರಡು ವರ್ಷ. ಇಷ್ಟು ತುಂಬಿದ್ಮೇಲೆ ಖಾಲಿ ಉಳಿಯೋ ಖಾನೆ ಎಷ್ಟು ಕಮ್ಮಿ ಅಂತ ಗೊತ್ತಾದಾಗ ಆ ವಾಟ್ಸಾಪ್ ಗಲಾಟೆ ಅರ್ಧ ತಾನಾಗೇ ಅಡಗುತ್ತೆ.

ಮ್ಯಾಥ್ಸ್ ಗೆರೆನ ಹಿಂದಿನಿಂದ ಮುಂದಕ್ಕೆ ಹಾಕ್ಬೇಕು. ಇಲ್ಲಿ ಸಾಮಾನ್ಯವಾಗಿ ಆಲ್ಜಿಬ್ರಾ 1, ಜ್ಯಾಮಿಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಅಂತ ಒಂದಾದ್ಮೇಲೆ ಒಂದು, ಹಿಂದಿನದು ಮುಗಿಸ್ದೆ ಮುಂದಿನದು ಕೊಡಲ್ಲ. ಒಂಬತ್ತರಲ್ಲಿ ಆಲ್ಜಿಬ್ರಾ 1 ಶುರು ಮಾಡಿದ ಮಗು ವರ್ಷಕ್ಕೊಂದರಂತೆ ಹೋದ್ರೆ ಹನ್ನೆರಡರಲ್ಲಿ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತೆ. ಅದು ತಪ್ಪಲ್ಲ, ಎಷ್ಟೋ ಓದಿಗೆ ಅಷ್ಟು ಸಾಕು. ಆದ್ರೆ ಎಂಜಿನಿಯರಿಂಗ್ ಅಂತ ಮಗುಗೇ ಆಸೆ ಇದ್ರೆ ಹನ್ನೆರಡರ ಖಾನೇಲಿ ಕ್ಯಾಲ್ಕುಲಸ್ ಬರೆದು ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ, ಒಂದು ಮೆಟ್ಟಿಲು ಕಮ್ಮಿ ಬಿತ್ತು ಅಂತ ಆಗ ಕಾಣುತ್ತೆ, ಹತ್ತನೇ ಗ್ರೇಡಲ್ಲಿ ಜ್ಯಾಮಿಟ್ರಿ ಮತ್ತು ಆಲ್ಜಿಬ್ರಾ 2 ಒಟ್ಟಿಗೆ ತಗೊಳೋಕೆ ಬಿಡ್ತಾರಾ ಅಂತ ಈಗ್ಲೇ ಕೇಳಿಟ್ಕೋಬಹುದು, ಸುಮಾರು ಸ್ಕೂಲಲ್ಲಿ ಬಿಡ್ತಾರೆ. ಹನ್ನೊಂದನೇ ಗ್ರೇಡಲ್ಲಿ ಇದು ಗೊತ್ತಾದ್ರೆ ದಾರಿ ಬಹಳ ಕಮ್ಮಿ.

ಇದರ ಉಲ್ಟಾ ಕಾಯಿಲೆನೂ ಇದೆ. ನಮ್ಮವರಲ್ಲಿ ಅದೇ ಜಾಸ್ತಿ. ಮಗು ಒಂದು ವರ್ಷ ಮುಂದಿರ್ಲಿ ಅಂತ ಬೇಸಿಗೆ ರಜೇಲಿ ಆರೇಳು ವಾರದಲ್ಲಿ ಜ್ಯಾಮಿಟ್ರಿ ಮುಗಿಸಿಬಿಡೋದು. ಕೆಲವು ಮಕ್ಕಳಿಗೆ ಅದು ಸಲೀಸು, ಅವ್ರು ಹೋಗ್ಲಿ. ಮಿಕ್ಕೋರು ಪ್ರೂಫ್ ಬರೆಯೋದನ್ನ ಸರಿಯಾಗಿ ಕಲೀದೇ ಮುಂದೆ ಹೋಗಿ, ಟ್ರಿಗನಾಮಿಟ್ರಿ ಶುರುವಾದ ತಕ್ಷಣ ಎಡವ್ತಾರೆ, ಟ್ಯೂಷನ್ ಹಾಕ್ತೀವಿ, ಮಗುಗೆ ಮ್ಯಾಥ್ಸ್ ಅಂದ್ರೇನೇ ಬೇಜಾರು ಬರುತ್ತೆ. ಒಂದು ವರ್ಷ ಮುಂಚೆ ಮುಟ್ಟಿದ್ದಕ್ಕೆ ಸಿಕ್ಕಿದ್ದೇನು ಅಂತ ಆಮೇಲೆ ಕೇಳ್ಕೊಂಡ್ರೆ ಪ್ರಯೋಜನ ಇಲ್ಲ.

ಭಾಷೆ ವಿಷ್ಯಕ್ಕೆ ಬರ್ತೀನಿ. ಸ್ಪ್ಯಾನಿಷೋ ಫ್ರೆಂಚೋ ಯಾವುದಾದ್ರೂ ಒಂದು ಇಟ್ಕೊಂಡ್ರೆ ಅದರಲ್ಲೇ ಮೇಲಕ್ಕೆ ಹೋಗೋದು ಒಳ್ಳೇದು, ಒಂದು ವರ್ಷ ಇದು ಒಂದು ವರ್ಷ ಅದು ಅಂತ ಮಾಡಿದ್ರೆ ಲೆವೆಲ್ ಏರಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಸೇರೋಕೆ ಕನಿಷ್ಠ ಎರಡು ವರ್ಷ ಒಂದೇ ಭಾಷೆ ಬೇಕು, ಮೂರು ಇದ್ರೆ ಚೆನ್ನ ಅಂತ ಅವ್ರೇ ಹೇಳ್ತಾರೆ. ಮಿಡಲ್ ಸ್ಕೂಲಲ್ಲಿ ಏಳು ಎಂಟನೇ ಗ್ರೇಡಲ್ಲಿ ಮಾಡಿದ ಭಾಷೆ, ಮ್ಯಾಥ್ಸ್ ಕೋರ್ಸನ್ನ ಹೈಸ್ಕೂಲ್ ಒಪ್ಪಿದ್ರೆ ಅದನ್ನೂ ಲೆಕ್ಕಕ್ಕೆ ತಗೋತಾರೆ, ಈ ವಿಷ್ಯ ಗೊತ್ತಿಲ್ದೆ ಮತ್ತೆ ಲೆವೆಲ್ 1ಕ್ಕೆ ಕೂರಿಸ್ಬೇಡಿ. ಇನ್ನು ಮನೇಲಿ ಕನ್ನಡ ಓದೋಕೆ ಬರೆಯೋಕೆ ಕಲಿಸ್ತಿರೋರು ದಯವಿಟ್ಟು ಒಂದು ಮಾತು ಕೇಳಿ, ಸೀಲ್ ಆಫ್ ಬೈಲಿಟರಸಿ ಅಂತ ಒಂದಿದೆ, ಎರಡು ಭಾಷೇಲಿ ಸಾಮರ್ಥ್ಯ ತೋರಿಸಿದ ಮಕ್ಕಳಿಗೆ ಹೈಸ್ಕೂಲ್ ಮುಗಿಸುವಾಗ ಕೊಡ್ತಾರೆ, 2011ರಲ್ಲಿ ಇದಕ್ಕೆ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ. ಕನ್ನಡದಲ್ಲಿ ಪರೀಕ್ಷೆ ಕೊಡೋಕೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಲ್ಲಿ (ಆ ಕಡೆಯ ಸ್ಕೂಲುಗಳನ್ನ ನಡೆಸೋ ಆಡಳಿತ) ದಾರಿ ಇದ್ಯಾ ಅಂತ ಒಂಬತ್ತನೇ ಗ್ರೇಡಲ್ಲೇ ಸ್ಕೂಲಲ್ಲಿ ಸಲಹೆ ಕೊಡೋ ಕೌನ್ಸೆಲರ್‌ನ ಕೇಳಿ. ಹತ್ತು ಮನೆಯವರು ಕೇಳಿದ್ರೆ ಡಿಸ್ಟ್ರಿಕ್ಟ್‌ನವರೂ ಯೋಚ್ನೆ ಮಾಡ್ತಾರೆ, ಒಬ್ರೂ ಕೇಳ್ದಿದ್ರೆ ಅವ್ರಿಗೆ ಹೇಗೆ ಗೊತ್ತಾಗ್ಬೇಕು?

ಈಗ ಎಲ್ರ ನಿದ್ದೆ ಕೆಡಿಸೋ ಎಪಿ. ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆಯವರ ಕೋರ್ಸು, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರ ತನಕ ಸ್ಕೋರು. ಎಷ್ಟೋ ಸ್ಕೂಲಲ್ಲಿ ಫ್ರೆಶ್‌ಮನ್ನಿಗೆ ಹ್ಯೂಮನ್ ಜಿಯಾಗ್ರಫಿ ತರದ ಒಂದು ಎಪಿ ತೆರೆದಿರುತ್ತೆ, ಅದಕ್ಕೆ ನೂಕುನುಗ್ಗಲು. ಓದೋಕೆ ಇಷ್ಟ ಇರೋ ಮಗು ಖುಷಿಯಾಗಿ ತಗೊಳ್ಳಲಿ. ಬರೀ ಜಿಪಿಎ (ಎಲ್ಲ ಕೋರ್ಸುಗಳ ಗ್ರೇಡಿನ ಸರಾಸರಿ) ಏರಿಸೋಕೆ ಅಂತಾದ್ರೆ ಒಂದ್ಸಲ ನಿಯಮ ಓದಿ. ಯುಸಿನವರು ಅಡ್ಮಿಷನ್ನಿನ ಜಿಪಿಎ ಲೆಕ್ಕ ಹಾಕೋದು ಒಂಬತ್ತನೇ ಗ್ರೇಡ್ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆ ತನಕದ ಕೋರ್ಸುಗಳಿಗೆ, ಅದರಲ್ಲೂ ಎಕ್ಸ್‌ಟ್ರಾ ಆನರ್ಸ್ ಪಾಯಿಂಟ್ ಸಿಗೋದು 8 ಸೆಮಿಸ್ಟರಿಗೆ ಮಾತ್ರ. ಒಂಬತ್ತರ ಎಪಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಹಾಗಂತ ಒಂಬತ್ತನೇ ಗ್ರೇಡ್ ಸುಮ್ನೆ ಕಳೆಯೋ ಹಾಗಿಲ್ಲ, ಅವ್ರು ಕೇಳೋ 15 ಕೋರ್ಸುಗಳ ಪಟ್ಟಿಗೆ ಆ ವರ್ಷದವೂ ಸೇರುತ್ವೆ, ಅದಕ್ಕೆ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು, ಬೇರೆ ಎಷ್ಟೋ ಕಾಲೇಜುಗಳು ನಾಲ್ಕು ವರ್ಷದ ಟ್ರಾನ್ಸ್‌ಕ್ರಿಪ್ಟ್ (ಕೋರ್ಸು, ಗ್ರೇಡುಗಳ ದಾಖಲೆ) ಪೂರ್ತಿ ನೋಡ್ತಾರೆ. ಅದಕ್ಕೇ ಹೇಳೋದು, ಮೊದಲನೇ ವರ್ಷ ಕಾಲು ಊರೋಕೆ ಬಿಡಿ, ಹೊಸ ಸ್ಕೂಲು, ಹೊಸ ಗೆಳೆಯರು, ಹೋಮ್‌ವರ್ಕ್ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದೇ ಇನ್ನೂ ಗೊತ್ತಿರಲ್ಲ ಆ ಮಗುಗೆ.

ನಮ್ಮ ಸ್ಕೂಲಲ್ಲಿ ಎಪಿನೇ ಕಮ್ಮಿ, ಪಕ್ಕದ ಊರಿನ ಸ್ಕೂಲಲ್ಲಿ ಎಷ್ಟೊಂದಿದೆ, ಮನೆ ಬದಲಾಯಿಸೋಣ್ವಾ ಅಂತ ಕೇಳೋರೂ ಇದ್ದಾರೆ. ಅಪ್ಲಿಕೇಶನ್ ಜೊತೆ ಸ್ಕೂಲ್ ಪ್ರೊಫೈಲ್ ಅಂತ ಹೋಗುತ್ತೆ, ಆ ಸ್ಕೂಲಲ್ಲಿ ಏನೇನು ಕೋರ್ಸ್ ಇದೆ ಅಂತ ಅದ್ರಲ್ಲಿರುತ್ತೆ, ಅಲ್ಲಿ ಸಿಗೋದ್ರಲ್ಲಿ ಈ ಮಗು ಎಷ್ಟು ಕಷ್ಟದ ಕೋರ್ಸ್ ತಗೊಂಡಿದೆ ಅಂತ ಕೌನ್ಸೆಲರ್ ಹೇಳ್ತಾರೆ. ಇಲ್ಲದ ಕೋರ್ಸ್ ತಗೊಂಡಿಲ್ಲ ಅಂತ ಯಾರೂ ದೂರಲ್ಲ.

ಟೆಕ್ಸಸ್ ಕಡೆ ಇರೋರಿಗೆ ಲೆಕ್ಕ ಬೇರೆ. ಅಲ್ಲಿ 2013ರ ಕಾನೂನು ಬಂದ್ಮೇಲೆ ಒಂಬತ್ತನೇ ಗ್ರೇಡ್ ಸೇರುವಾಗ್ಲೇ ಎಂಡಾರ್ಸ್‌ಮೆಂಟ್ (ಒತ್ತು ಕೊಟ್ಟು ಓದೋ ವಿಭಾಗ) ಅಂತ ಒಂದು ಆರಿಸಿ ಬರೆದು ಕೊಡ್ಬೇಕು, ಒಟ್ಟು ಐದಿವೆ, ಅದರ ಜೊತೆ 26 ಕ್ರೆಡಿಟ್‌ನಷ್ಟು ಕೋರ್ಸ್ ಮುಗಿಸ್ಬೇಕು. ಅಯ್ಯೋ ಇದೂ ಪಿಯುಸಿ ಥರ ಆಯ್ತಲ್ಲ ಅಂತ ಗಾಬರಿ ಬೇಡ, ಆಮೇಲೆ ಬದಲಾಯಿಸಬಹುದು. ಆದ್ರೆ ಅಲ್ಲಿ ಟಾಪ್ 10 ಪರ್ಸೆಂಟ್ ಆಟೊಮ್ಯಾಟಿಕ್ ಅಡ್ಮಿಷನ್ ನಿಯಮಕ್ಕೆ (ಕ್ಲಾಸಲ್ಲಿ ಮೇಲಿನ ರ್ಯಾಂಕಿನ ಮಕ್ಕಳಿಗೆ ಸ್ಟೇಟ್ ಯೂನಿವರ್ಸಿಟೀಲಿ ತಾನಾಗೇ ಸೀಟು ಕೊಡೋ ನಿಯಮ) ಡಿಪ್ಲೊಮಾದಲ್ಲಿ ಡಿಸ್ಟಿಂಗ್ವಿಶ್ಡ್ ಅನ್ನೋ ಮೇಲಿನ ಲೆವೆಲ್ ಬೇಕು, ಅದಕ್ಕೆ ಆಲ್ಜಿಬ್ರಾ 2 ಬೇಕೇ ಬೇಕು, ಇದನ್ನ ಆ ಹಾಳೇಲಿ ಕೆಂಪು ಇಂಕಲ್ಲಿ ಬರ್ಕೊಳ್ಳಿ.

ಊರಿಂದ ಈಗಷ್ಟೇ ಬಂದಿರೋ ಮನೆಯವರ ಬಗ್ಗೆ ನಂಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಅಲ್ಲಿ ಕ್ವಾಡ್ರಾಟಿಕ್ ಈಕ್ವೇಶನ್ ತನಕ ಮುಗಿಸಿದ್ದ ಹುಡುಗಿನ ಇಲ್ಲೊಂದು ಸ್ಕೂಲಲ್ಲಿ ಆಲ್ಜಿಬ್ರಾ 1ಕ್ಕೆ ಹಾಕಿಬಿಟ್ರು, ಅಪ್ಪ ಅಮ್ಮ ಸ್ಕೂಲ್‌ನವರು ಹೇಳಿದ್ಮೇಲೆ ಮುಗೀತು ಅಂತ ಸುಮ್ನಿದ್ರು. ಆ ಹುಡುಗಿ ಕ್ಲಾಸಲ್ಲಿ ನೋಟ್‌ಬುಕ್ ಹಿಂದೆ ಚಿತ್ರ ಬಿಡಿಸ್ತಾ ಕೂರ್ತಿದ್ಲು, ಅಷ್ಟೂ ಅವಳಿಗೆ ಬರ್ತಿತ್ತು. ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಕ್ಲಾಸಿಗೆ ಹಾಕ್ಬೇಕು ಅಂತ ನೋಡೋ ಪರೀಕ್ಷೆ) ಕೊಡಿ ಅಂತ ಒಂದು ಇಮೇಲ್ ಹಾಕಿದ್ಮೇಲೆ ಟೆಸ್ಟ್ ಆಯ್ತು, ಕ್ಲಾಸೂ ಬದಲಾಯ್ತು. ಕೇಳೋದು ಇಲ್ಲಿ ಅಗೌರವ ಅಲ್ಲ. ಹಳೇ ಸ್ಕೂಲಿನ ಮಾರ್ಕ್ಸ್‌ಕಾರ್ಡ್ ಜೊತೆ ಸಿಲಬಸ್ ಕಾಪಿನೂ ತಗೊಂಡು ಹೋಗಿ, ಬರೀ ಪರ್ಸೆಂಟೇಜ್ ನೋಡಿ ಅವ್ರಿಗೆ ಮಗು ಏನು ಓದಿದೆ ಅಂತ ತಿಳಿಯಲ್ಲ. ಕೌನ್ಸೆಲರ್‌ಗಳಿಗೆ ಮೈತುಂಬಾ ಕೆಲ್ಸ, ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಶನ್ ಪ್ರಕಾರ 250 ಮಕ್ಕಳಿಗೆ ಒಬ್ರು ಇರ್ಬೇಕು, ಎಷ್ಟೋ ಕಡೆ ಅದಕ್ಕಿಂತ ಬಹಳ ಜಾಸ್ತಿ ಮಕ್ಕಳು ಒಬ್ರ ತಲೆ ಮೇಲೆ, ಹಾಗಾಗಿ ಅವ್ರೇ ಕರೀಲಿ ಅಂತ ಕಾಯ್ಬೇಡಿ.

ಇನ್ನು ಆ ಖಾಲಿ ಖಾನೆಗಳು. ಒಬ್ಬ ಹುಡುಗ ಮಿಡಲ್ ಸ್ಕೂಲ್ ಪೂರ್ತಿ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸಿದ್ದ. ಅಪ್ಪ ಅದನ್ನ ಹೊಡೆದುಹಾಕಿ ಕಂಪ್ಯೂಟರ್ ಸೈನ್ಸ್ ಬರೆದಿದ್ರು. ನಾನು ಹುಡುಗನ್ನ ಕೇಳ್ದೆ, ನಿಂಗೇನಪ್ಪ ಬೇಕು ಅಂತ. ಅವನು ಮೆತ್ತಗೆ, ಆಂಟಿ ಕಂಪ್ಯೂಟರ್ ಸೈನ್ಸ್ ಹತ್ತರಲ್ಲೂ ತಗೋಬಹುದಲ್ವಾ, ಆರ್ಕೆಸ್ಟ್ರಾ ಒಂದು ವರ್ಷ ಬಿಟ್ರೆ ಮತ್ತೆ ಸೇರೋಕೆ ಆಡಿಷನ್ ಕೊಡ್ಬೇಕು ಅಂದ. ಅವನ ಯೋಜ್ನೆ ಅಪ್ಪಂದಕ್ಕಿಂತ ಸರಿಯಾಗೇ ಇತ್ತು. ಅಪ್ಪನೂ ಒಳ್ಳೆಯವ್ರು, ರಬ್ಬರ್ ತಗೊಂಡು ತಾವೇ ಅಳಿಸಿದ್ರು. ಕ್ಯಾಲಿಫೋರ್ನಿಯಾದ ಯುಸಿ ಪಟ್ಟೀಲಿ ಒಂದು ವರ್ಷ ಕಲೆಯ ಕೋರ್ಸ್ ಕಡ್ಡಾಯ ಬೇರೆ, ಆರ್ಕೆಸ್ಟ್ರಾ ಅದಕ್ಕೂ ಆಗುತ್ತೆ. ನಾಲ್ಕು ವರ್ಷ ಪ್ರತಿದಿನ ಒಂದು ಪೀರಿಯಡ್ಡಾದ್ರೂ ಮಗು ಇಷ್ಟಪಟ್ಟು ಹೋಗೋ ಕ್ಲಾಸ್ ಇರ್ಲಿ, ಅದು ಮರಗೆಲಸ ಆಗ್ಲಿ, ಸ್ಕೂಲ್ ಪೇಪರ್ ಆಗ್ಲಿ, ಅದಕ್ಕೆ ಕಾಲೇಜಿನ ಲಾಭ ಏನು ಅಂತ ಕೇಳ್ಬೇಡಿ.

ಸಂಪಾದಕರೇ, ಎಸ್ಸೆಸ್ಸೆಲ್ಸಿ ರಿಸಲ್ಟ್ ಸಮಯದಲ್ಲಿ ಮುಂದೇನು ಓದ್ಬೇಕು ಅಂತ ನೀವು ಲೇಖನಗಳನ್ನ ಕೊಡ್ತೀರಿ. ಅದೇ ಥರ ಜನವರಿಲಿ ಹೊರದೇಶದ ಓದುಗರಿಗೂ ಒಂದು ಪುಟ ಕೊಡಿ, ಇಲ್ಲಿನ ಹೈಸ್ಕೂಲಲ್ಲಿ ಪಾಠ ಮಾಡೋ ಕನ್ನಡದ ಟೀಚರ್‌ಗಳಿದ್ದಾರೆ, ಈಗ ಕಾಲೇಜಲ್ಲಿರೋ ನಮ್ಮ ಮಕ್ಕಳಿದ್ದಾರೆ, ಅವ್ರ ಕೈಲಿ ಬರೆಸಿ. ಫಾರ್ಮ್ ಕೊಡೋ ಕೊನೇ ದಿನಕ್ಕೆ ಮುಂಚೆ ಬಂದ್ರೆ ಸಾಕು.

ಇಂತಿ,
ಕ್ಯಾಲಿಫೋರ್ನಿಯಾದಿಂದ ನಿಮ್ಮ ಪತ್ರಿಕೆ ಓದುವ ಒಬ್ಬ ತಾಯಿ