ಎರಡು ಸಿಂಕಿನ ಅಡುಗೆಮನೆಗೆ ಕಾಲಿಡುವ ಮುನ್ನ

ಜೆರುಸಲೇಮ್
ಮಂಗಳವಾರ ರಾತ್ರಿ

ಪ್ರೀತಿಯ ಮಗನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ವೀಸಾ ಬಂತು ಎಂದು ಅಪ್ಪ ಫೋನ್ ಮಾಡಿದ ದಿನ ಸಂತೋಷಕ್ಕೆ ನನಗೆ ನಿದ್ದೆಯೇ ಹತ್ತಲಿಲ್ಲ. ನಿನ್ನನ್ನು ಕರೆಸಿಕೊಳ್ಳುವವರು ಶಾಸ್ತ್ರ ಬಿಡದ ಯೆಹೂದಿ ಮನೆಯವರು, ಹಾಸಿಗೆ ಹಿಡಿದ ಅಜ್ಜನ ಆರೈಕೆಯ ಜೊತೆ ಅಡುಗೆಯೂ ನಿನ್ನದೇ ಎಂದು ಆಮೇಲೆ ತಿಳಿಯಿತು. ಆಗಿನಿಂದ ನೀನು ವಾಟ್ಸಾಪಿನಲ್ಲಿ ಕಳುಹಿಸಿದ ಎರಡು ಸಾಲು ಮನಸ್ಸನ್ನು ಕೊರೆಯುತ್ತಾ ಉಂಟು. "ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು ಪಾತ್ರೆ, ಇಷ್ಟೆಲ್ಲ ಮಾಡಿ ಕೊನೆಗೆ ತಿನ್ನುವುದು ಕೋಳಿಯನ್ನೇ ಅಲ್ವಾ ಅತ್ತೆ? ದೇವರಿಗೆ ಪಾತ್ರೆಯ ಲೆಕ್ಕ ಯಾಕೆ?" ಎಂದು ಕೇಳಿದ್ದೆ. ತಪ್ಪು ಪ್ರಶ್ನೆಯಲ್ಲ. ಆದರೆ ಈ ಪ್ರಶ್ನೆಯನ್ನು ತಲೆಯಲ್ಲಿ ಹಾಗೆಯೇ ಇಟ್ಟುಕೊಂಡು ನೀನು ಆ ಮನೆಯ ಹೊಸ್ತಿಲು ದಾಟಬಾರದು. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಹನ್ನೊಂದು ವರ್ಷದಿಂದ ನಾನು ಒಂದೇ ಮನೆಯಲ್ಲಿದ್ದೇನೆ. ಸಾವ್ತಾ, ಅಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ, ಈಗ ಗಾಲಿಕುರ್ಚಿಯಲ್ಲೇ ಇರುವುದು. ಆದರೂ ಅಡುಗೆಮನೆಯ ಬಾಗಿಲಲ್ಲಿ ಅವರ ಕುರ್ಚಿ ನಿಂತರೆ ನನಗೆ ಇಂದಿಗೂ ಪಾಠ ನಡೆಯುತ್ತದೆ. ನಮ್ಮದು ಬಾಸೆಲ್ ಮಿಷನ್ ಸಭೆಯ ಕ್ರೈಸ್ತ ಮನೆ. ಬೈಬಲಿನಲ್ಲಿ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಐದು ಪುಸ್ತಕಗಳನ್ನು ನಿನ್ನ ಮುತ್ತಜ್ಜ ಸಂಜೆ ಪ್ರಾರ್ಥನೆಯಲ್ಲಿ ಕನ್ನಡದಲ್ಲಿ ಓದುತ್ತಿದ್ದರು. ಅದೇ ಐದು ಪುಸ್ತಕಗಳನ್ನು ಇವರು ತೋರಾ ಅನ್ನುತ್ತಾರೆ. ಬಲಿ, ರಕ್ತ, ಕೊಬ್ಬು ಎಂದು ಬರುವ ಪುಟಗಳನ್ನು ನಾವು ಬೇಗ ಬೇಗ ದಾಟಿಸುತ್ತಿದ್ದೆವು. ಇವರು ಅದನ್ನೇ ನಿಂತು ಓದುತ್ತಾರೆ. ನನಗೆ ಅದು ಅರ್ಥವಾದದ್ದು ಇಲ್ಲಿ, ಸಿಂಕಿನ ಮುಂದೆ.

ಆದಿಕಾಂಡ ತೆಗೆದು ನೋಡು. ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ದೇವರು ಕೊಟ್ಟ ಆಹಾರ ಕಾಳು ಬಿಡುವ ಗಿಡ, ಹಣ್ಣು ಬಿಡುವ ಮರ. ಮಾಂಸದ ಮಾತೇ ಇಲ್ಲ. ಮಾಂಸಕ್ಕೆ ಅಪ್ಪಣೆ ಸಿಗುವುದು ಒಂಬತ್ತನೆಯ ಅಧ್ಯಾಯದಲ್ಲಿ, ಜಲಪ್ರಳಯ ಮುಗಿದು ನೋಹ ಹಡಗಿನಿಂದ ಇಳಿದ ಮೇಲೆ. ಕೊಡುವ ಬಾಯಲ್ಲೇ ಒಂದು ಷರತ್ತೂ ಉಂಟು: ರಕ್ತ ಪ್ರಾಣ, ಅದನ್ನು ತಿನ್ನಬೇಡ. ಆದಾಮನಿಗೆ ಮಾಂಸದ ಅಪ್ಪಣೆ ಇರಲಿಲ್ಲ ಎಂದು ರಬ್ಬಿಗಳ, ಅಂದರೆ ಇವರ ಧರ್ಮಗುರುಗಳ, ಹಳೆಯ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಹಿರಿಯರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಅಂದರೆ ಮಾಂಸ ಮೊದಲಿಂದ ನಮ್ಮ ಹಕ್ಕಾಗಿರಲಿಲ್ಲ, ಬಿಟ್ಟುಕೊಟ್ಟದ್ದು. ಹಾಗೆ ಬಿಟ್ಟುಕೊಟ್ಟದ್ದಕ್ಕೆ ಲೆಕ್ಕ ಕೇಳುವವನೂ ಇದ್ದಾನೆ.

ಈಗ ಯಾಜಕಕಾಂಡ 17. ಇದನ್ನು ನಾನು ಎಷ್ಟು ಸಲ ಓದಿದ್ದೇನೋ. ಮರುಭೂಮಿಯಲ್ಲಿ ಡೇರೆ ಹಾಕಿಕೊಂಡಿದ್ದ ಕಾಲದಲ್ಲಿ ಯಾರಾದರೂ ಎತ್ತು, ಕುರಿ, ಆಡು ಕಡಿಯಬೇಕೆಂದರೆ ಅದನ್ನು ದೇವದರ್ಶನದ ಗುಡಾರದ, ಅಂದರೆ ಆರಾಧನೆಯ ಡೇರೆಯ, ಬಾಗಿಲಿಗೆ ತರಬೇಕಿತ್ತು. ತಾರದೆ ಹಿತ್ತಿಲಲ್ಲಿ ಕಡಿದರೆ ಅದು ರಕ್ತ ಸುರಿಸಿದ ಅಪರಾಧ. ಸಾಕಿದವನು ತಾನೇ ಆದರೂ ಕಡಿಯುವ ಮುಂಚೆ ದೇವರ ಎದುರು ನಿಲ್ಲಬೇಕು. ಮಾಂಸದೂಟಕ್ಕೂ ಆರಾಧನೆಗೂ ನಡುವೆ ಗೋಡೆಯೇ ಇರಲಿಲ್ಲ ಮಗಾ. ಸಮಾಧಾನದ ಬಲಿಯಲ್ಲಿ ರಕ್ತ, ಕೊಬ್ಬು ಬಲಿಪೀಠಕ್ಕೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದು ತಂದವನ ಮನೆಯವರಿಗೆ. ಅದರಲ್ಲೂ ಕೃತಜ್ಞತೆಯ ಬಲಿಯಾದರೆ ಅದೇ ದಿನ ತಿಂದು ಮುಗಿಸಬೇಕು, ಬೆಳಗಿಗೆ ಉಳಿಸಬಾರದು. ಒಂದು ಇಡೀ ಕುರಿಯನ್ನು ಒಬ್ಬ ಸಂಸಾರಿ ಒಂದೇ ದಿನದಲ್ಲಿ ಹೇಗೆ ಮುಗಿಸುತ್ತಾನೆ? ನೆರೆಯವರನ್ನು, ಬಡವರನ್ನು ಕರೆಯಲೇಬೇಕು. ನನ್ನ ಬುದ್ಧಿಗೆ ಹೊಳೆಯುವ ಮಟ್ಟಿಗೆ ಆ ಕಟ್ಟಳೆಯ ಹೊಟ್ಟೆಯಲ್ಲಿರುವುದು ಇದೇ.

ಜನ ಊರೂರುಗಳಲ್ಲಿ ನೆಲೆ ನಿಂತರೆ ಆರಾಧನೆಯ ಜಾಗ ದೂರವಾಗುತ್ತದೆ. ಅದಕ್ಕೇ ಧರ್ಮೋಪದೇಶಕಾಂಡ 12ರಲ್ಲಿ, ನಿನಗೆ ಮಾಂಸದ ಆಸೆಯಾದರೆ ಊರಲ್ಲೇ ತಿನ್ನು, ರಕ್ತವನ್ನು ಮಾತ್ರ ನೀರಿನ ಹಾಗೆ ನೆಲಕ್ಕೆ ಸುರಿ ಎಂದು ಅಪ್ಪಣೆಯಾಯಿತು. ಅಂಥ ಮಾಂಸಕ್ಕೆ ರಬ್ಬಿಗಳು ಇಟ್ಟ ಹೆಸರು 'ಬಸರ್ ತಾಅವಾ', ಆಸೆಯ ಮಾಂಸ. ಅರಣ್ಯಕಾಂಡ 11ರಲ್ಲಿಯೂ ಈ ಆಸೆ ಬರುತ್ತದೆ. ಮರುಭೂಮಿಯಲ್ಲಿ ದೇವರು ಕೊಡುತ್ತಿದ್ದ ಮನ್ನಾ ಎಂಬ ಆಹಾರ ಬೇಡ, ಮಾಂಸ ಬೇಕು ಎಂದು ಅತ್ತವರಿಗೆ ದೇವರು ಲಾವಕ್ಕಿಗಳನ್ನು ರಾಶಿ ರಾಶಿಯಾಗಿ ಬೀಳಿಸಿದ. ಮಾಂಸ ಹಲ್ಲಿನ ನಡುವೆ ಇರುವಾಗಲೇ ಜನ ಸತ್ತರು. ಆ ಜಾಗದ ಹೆಸರು ಕಿಬ್ರೋತ್ ಹತಾವಾ, ಆಸೆಯ ಸಮಾಧಿಗಳು. ಅಪ್ಪಣೆಯಲ್ಲಿ ಬಂದ ಶಬ್ದ, ಸಮಾಧಿಯ ಮೇಲಿನ ಶಬ್ದ, ಎರಡೂ ಒಂದೇ ಬೇರಿನವು.

ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯ ಸುಟ್ಟರು. ಬಲಿ ನಿಂತಿತು. ಬಲಿಯ ಜಾಗಕ್ಕೆ ಪ್ರಾರ್ಥನೆ ಬಂತು, ಬಲಿಪೀಠದ ಜಾಗಕ್ಕೆ ಊಟದ ಮೇಜು ಬಂತು. ಗುಡಿ ಇದ್ದಾಗ ಬಲಿಪೀಠ ಮಾಡುತ್ತಿದ್ದ ಪ್ರಾಯಶ್ಚಿತ್ತವನ್ನು ಈಗ ಮನುಷ್ಯನ ಮೇಜು ಮಾಡುತ್ತದೆ ಎಂದು ತಾಲ್ಮುದಿನಲ್ಲಿ ಉಂಟು. ನೀನು ಅದನ್ನು ಕಣ್ಣಾರೆ ನೋಡುತ್ತೀ. ರೊಟ್ಟಿ ಮುರಿದು ಉಪ್ಪಿಗೆ ಒತ್ತುತ್ತಾರೆ, ಬಲಿಗೆಲ್ಲ ಉಪ್ಪು ಹಾಕುತ್ತಿದ್ದ ಹಾಗೆ. ಇನ್ನೊಂದು ನಾನು ಬಂದ ಹೊಸತರಲ್ಲಿ ನೋಡಿದ್ದು. ವಾರದ ದಿನದ ಊಟ ಮುಗಿದು ಕೃತಜ್ಞತೆಯ ಪ್ರಾರ್ಥನೆ ಶುರುವಾಗಬೇಕು, ಸಾವ್ತಾ ನಡುಗುವ ಕೈಯಲ್ಲಿ ಕಾಗದದ ನ್ಯಾಪ್‌ಕಿನ್ ಎಳೆದು ಚೂರಿಯ ಮೇಲೆ ಮುಚ್ಚಿದರು. ತುದಿ ಸ್ವಲ್ಪ ಕಾಣುತ್ತಿತ್ತು. ಅದನ್ನೂ ಬೆರಳಿನಿಂದ ಒಳಗೆ ತಳ್ಳಿದರು. ಯಾಕೆ ಎಂದು ಕೇಳಿದೆ. ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಗಿಸಬಾರದು ಎಂದು ಬರೆದಿದೆ. ಕಬ್ಬಿಣ ಆಯುಷ್ಯ ಕಡಿಮೆ ಮಾಡುತ್ತದೆ, ಬಲಿಪೀಠ ಆಯುಷ್ಯ ಕೊಡುತ್ತದೆ, ದೇವರನ್ನು ನೆನೆಯುವಾಗ ಚೂರಿ ಎದುರಿಗೆ ಇರಬಾರದು ಅಂದರು. ನಿನ್ನ ಪಾತ್ರೆಯ ಪ್ರಶ್ನೆಗೆ ನನ್ನ ಮಟ್ಟಿಗೆ ಅಂದೇ ಉತ್ತರ ಸಿಕ್ಕಿತು: ಮೇಜೇ ಬಲಿಪೀಠವಾದರೆ ಪಾತ್ರೆಗೂ ಲೆಕ್ಕ ಉಂಟು.

ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ತೋರಾದಲ್ಲಿ ಮೂರು ಸಲ ಬರುತ್ತದೆ. ಎರಡು ಸಿಂಕು, ಎರಡು ಜೊತೆ ಪಾತ್ರೆ, ಮಾಂಸ ತಿಂದ ಮೇಲೆ ಆರು ಗಂಟೆ ಕಾದು ಹಾಲು ಮುಟ್ಟುವುದು, ಎಲ್ಲ ಅಲ್ಲಿಂದ ಬೆಳೆದದ್ದು. ತಾಯಿ ಹಸು, ಕರು ಎರಡನ್ನೂ ಒಂದೇ ದಿನ ಕೊಯ್ಯಬಾರದು ಎಂದೂ ಉಂಟು. ತಾಯಿಗೆ ಮರಿಯ ಮೇಲಿರುವ ಪ್ರೀತಿ ಬುದ್ಧಿಯಿಂದ ಬಂದದ್ದಲ್ಲ, ಅದರಲ್ಲಿ ಮನುಷ್ಯನ ನೋವಿಗೂ ಪ್ರಾಣಿಯ ನೋವಿಗೂ ವ್ಯತ್ಯಾಸವಿಲ್ಲ ಎಂದು 12ನೇ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸ್ ಬರೆದರು. ಅವರು ವೈದ್ಯರೂ ಹೌದು. ಗೂಡಿನಿಂದ ಮರಿ ತೆಗೆಯುವ ಮುಂಚೆ ತಾಯಿ ಹಕ್ಕಿಯನ್ನು ಹಾರಿಸಿ ಬಿಡು ಎಂಬ ಸಣ್ಣ ಆಜ್ಞೆಗೆ ಸಿಗುವ ಫಲ ದೀರ್ಘಾಯುಷ್ಯ, ತಂದೆತಾಯಿಯನ್ನು ಗೌರವಿಸಿದವನಿಗೆ ಸಿಗುವ ಅದೇ ಫಲ.

ಇನ್ನು ಕೆಲಸದ ಮಾತು. ಅಂಗಡಿಯಿಂದ ಬರುವ ಮಾಂಸವನ್ನು ಹೆಚ್ಚಾಗಿ ನೆನೆಸಿ, ಉಪ್ಪು ಹಚ್ಚಿ, ರಕ್ತ ಇಳಿಸಿಯೇ ಕೊಡುತ್ತಾರೆ. ಪಿತ್ತಜನಕಾಂಗ ಮಾತ್ರ ಬೆಂಕಿಯ ಮೇಲೆ ಸುಡಲೇಬೇಕು, ಸೀದಾ ಪಾತ್ರೆಗೆ ಹಾಕಬೇಡ. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ರಕ್ತದ ಚುಕ್ಕೆ ಇದೆಯೇ ನೋಡಿ ಆಮೇಲೆ ಬಾಣಲೆಗೆ ಹಾಕು. ಒಲೆ ಹೊತ್ತಿಸುವುದು ಆ ಮನೆಯವರೇ. ಮೊರಾಕ್ಕೊ, ಇರಾಕ್ ಕಡೆಯ ಮನೆತನವಾದರೆ ಪಾತ್ರೆಯನ್ನು ಬೆಂಕಿಯ ಮೇಲೆ ಇಡುವುದೂ ಅವರದೇ ಕೈಯಾಗಬೇಕು. ಮಾಂಸದ ಪೊಟ್ಟಣಕ್ಕೆ ಎರಡೆರಡು ಸೀಲು ಇರುತ್ತದೆ. ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ತಿಳಿದುಕೊಂಡು ಮುಖ ಸಣ್ಣ ಮಾಡಬೇಡ, ಅವರ ಅಣ್ಣ ತಂದುಕೊಟ್ಟರೂ ಸೀಲು ನೋಡುವವರು ಇದ್ದಾರೆ. ಕೋಳಿಗೆ ಮೊಸರು ಹಚ್ಚಿಡುವ ನಮ್ಮ ಅಭ್ಯಾಸ ಮರೆತುಬಿಡು. ತುಪ್ಪವೂ ಬೇಡ. ತೆಂಗಿನಹಾಲು ಆಗುತ್ತದೆ, ಆದರೆ ಅದಕ್ಕೊಂದು ಮರ್ಯಾದೆ ಉಂಟು. ನಾನು ಮೊದಲ ಸಲ ಕಾಯಿಹಾಲು ಹಾಕಿ ಕೋಳಿ ಸಾರು ಮಾಡಿದಾಗ ಸಾವ್ತಾ ರುಚಿ ನೋಡುವ ಮುಂಚೆ ನಾಲ್ಕು ಚೂರು ಹಸಿ ತೆಂಗಿನಕಾಯಿ ತರಿಸಿ ಪಾತ್ರೆಯ ಪಕ್ಕದಲ್ಲೇ ತಟ್ಟೆಯಲ್ಲಿ ಇಡಿಸಿದರು. ನೋಡಿದವರು ಹಸುವಿನ ಹಾಲೆಂದು ತಪ್ಪು ತಿಳಿಯಬಾರದು. ಬಾದಾಮಿ ಹಾಲಿಗೆ ಹೀಗೆ ಬಾದಾಮಿ ಇಡುವ ರೂಢಿ 16ನೇ ಶತಮಾನದ ಶಾಸ್ತ್ರಗ್ರಂಥದಲ್ಲೇ ಇದೆಯಂತೆ. ಬಂಗುಡೆ ಬೇಯಿಸಬಹುದು, ಮೀನಿಗೆ ಇರಬೇಕೆಂದು ಇವರು ನೋಡುವ ರೆಕ್ಕೆ, ಹುರುಪೆ ಎರಡೂ ಅದಕ್ಕುಂಟು. ಸಿಗಡಿ, ಏಡಿ, ಮರುವಾಯಿ ಬೇಕೆನಿಸಿದರೆ ರಜೆಯ ದಿನ ಹೊರಗೆ ತಿನ್ನು. ಬ್ಯಾಗಿನಲ್ಲಿ ಕೂಡ ಆ ಮನೆಯೊಳಗೆ ತರಬೇಡ.

ನಾನೂ ತಪ್ಪು ಮಾಡಿದ್ದೇನೆ. ಎರಡನೇ ವರ್ಷ, ಒಂದು ಶುಕ್ರವಾರದ ಗಡಿಬಿಡಿಯಲ್ಲಿ, ಚೀಸ್ ಕೊಯ್ಯುವ ನೀಲಿ ಹಿಡಿಕೆಯ ಚೂರಿಯಿಂದ ಬಿಸಿ ಕೋಳಿ ತುಂಡು ಮಾಡಿದೆ. ಯಾರೂ ನೋಡಲಿಲ್ಲ. ತೊಳೆದು ಡ್ರಾಯರಿಗೆ ಹಾಕಿದೆ. ಹತ್ತು ನಿಮಿಷ ಕೂಡ ತಾಳಲಾಗಲಿಲ್ಲ, ಹೋಗಿ ಹೇಳಿದೆ. ಸಾವ್ತಾ ಬೈಯಲಿಲ್ಲ. ಮಗನ ಕೈಯಿಂದ ರಬ್ಬಿಗೆ ಫೋನ್ ಮಾಡಿಸಿದರು. ಚೂರಿಯನ್ನು ಒಂದು ದಿನ ಮುಟ್ಟದೆ ಇಟ್ಟು, ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರು. ಹೇಳದಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವರ ದೇವರ ಮುಂದೆ ಅವರನ್ನು ನಾನು ಕುರುಡರನ್ನಾಗಿ ಮಾಡಿದ ಹಾಗಾಗುತ್ತಿತ್ತು. ನಿನಗೂ ಇಂಥ ದಿನ ಬರುತ್ತದೆ. ಆ ಕ್ಷಣವೇ ಹೇಳಿಬಿಡು.

ಇವರೆಲ್ಲ ಕರುಣೆಯ ಮೂರ್ತಿಗಳು ಎಂದು ನಾನು ಹೇಳುತ್ತಿಲ್ಲ. ಯೋಮ್ ಕಿಪ್ಪುರ್, ಅಂದರೆ ಇವರ ಪ್ರಾಯಶ್ಚಿತ್ತದ ದಿನ, ಹತ್ತಿರ ಬಂದಾಗ ಇಲ್ಲಿಯ ಕಟ್ಟಾ ಸಂಪ್ರದಾಯದವರ ಕೇರಿ ಮೆಯಾ ಶೆಆರೀಮ್ ಕಡೆ ಹೋದರೆ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಕೋಳಿಗಳು ಒಂದರ ಮೇಲೊಂದು, ಬಾಯಿ ತೆರೆದುಕೊಂಡು, ಬಿಸಿಲಲ್ಲಿ. ಪಾಪ ಕಳೆಯಲಿ ಎಂದು ಅವನ್ನು ತಲೆಯ ಸುತ್ತ ಮೂರು ಸಲ ತಿರುಗಿಸಿ ಕೊಯ್ಯಿಸುತ್ತಾರೆ. ನನಗೆ ನೋಡಲಾಗಲಿಲ್ಲ. ಇವರ ಧರ್ಮಶಾಸ್ತ್ರ ಬರೆದ ಯೋಸೆಫ್ ಕಾರೋ ಅವರೇ ಈ ಪದ್ಧತಿ ಬೇಡ ಅಂದಿದ್ದರು. ಸಾವ್ತಾ ಮನೆಯಲ್ಲಿ ಕೋಳಿಯ ಬದಲು ದುಡ್ಡು ತಿರುಗಿಸಿ ಬಡವರಿಗೆ ಕೊಡುತ್ತಾರೆ. ಎಲ್ಲ ನಿಯಮ ಪಾಲಿಸಿಯೂ ಹೊಟ್ಟೆಬಾಕನಾಗಿ ಬದುಕುವವನನ್ನು 'ತೋರಾದ ಅಪ್ಪಣೆ ಪಡೆದ ನೀಚ' ಎಂದು 13ನೇ ಶತಮಾನದ ರಾಂಬಾನ್ ಎಂಬ ಪಂಡಿತರು ಕರೆದರು. ಕೈತುಂಬ ರಕ್ತ ಇರುವವರ ಪ್ರಾರ್ಥನೆ ಕೇಳುವುದಿಲ್ಲ, ನಿಮ್ಮ ಹೋತಗಳ ರಕ್ತ ನನಗೆ ಬೇಡ ಎಂದು ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಲ್ಲೇ ದೇವರು ಹೇಳುತ್ತಾನೆ. ಹೊರಗಿನವರು ಇವರಿಗೆ ಹೇಳಬೇಕಾದ ಮಾತನ್ನೆಲ್ಲ ಇವರ ಪುಸ್ತಕವೇ ಇವರಿಗೆ ಹೇಳಿ ಮುಗಿಸಿದೆ. ಅದಕ್ಕೆ ನೀನು ಆ ಮನೆಯಲ್ಲಿ ನ್ಯಾಯಾಧೀಶನಾಗಿ ಕೂರಬೇಡ.

ಮಾಂಸ ಬಿಟ್ಟವರೂ, ಬಿಡುವ ಕಾಲ ಬರುತ್ತದೆ ಎಂದವರೂ ಇವರಲ್ಲಿದ್ದಾರೆ. 1935ರಲ್ಲಿ ತೀರಿಕೊಂಡ ರಬ್ಬಿ ಕೂಕ್ ಈ ನಾಡಿನ ಮೊದಲ ಅಶ್ಕೆನಾಜಿ (ಯುರೋಪ್ ಕಡೆಯ ಯೆಹೂದಿಗಳ) ಮುಖ್ಯ ರಬ್ಬಿ. ಮಾಂಸದ ಅಪ್ಪಣೆ ಶಾಶ್ವತವಲ್ಲ, ಹಕ್ಕಿಯ ರಕ್ತವನ್ನು ಮಣ್ಣಿನಿಂದ ಮುಚ್ಚು ಎಂದದ್ದು ನಮಗೆ ನಾಚಿಕೆ ಕಲಿಸಲು ಎಂದು ಅವರು ಬರೆದರು. ಆದರೆ ಮನುಷ್ಯ ಮನುಷ್ಯನಿಗೇ ಅನ್ಯಾಯ ಮಾಡುತ್ತಿರುವಾಗ ಮಾಂಸ ಬಿಡುವುದನ್ನು ಎಲ್ಲರ ಮೇಲೆ ಹೇರಲು ಕಾಲ ಬಂದಿಲ್ಲ ಎಂದೂ ಅಂದರು. ಅವರ ಶಿಷ್ಯನ ಮಗ ಶೆಆರ್ ಯಾಶೂವ್ ಕೊಹೆನ್ ಹೈಫಾದ ಮುಖ್ಯ ರಬ್ಬಿಯಾಗಿ ದಶಕಗಳ ಕಾಲ ಇದ್ದರು, ಹುಟ್ಟಿನಿಂದ ಸಸ್ಯಾಹಾರಿ. ನಾನು ಪೂರ್ತಿ ಬಿಟ್ಟಿಲ್ಲ. ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಗೆ ಶುರುವಾಗುವ ಇವರ ವಿಶ್ರಾಂತಿ ದಿನ, ಸಾವ್ತಾ ಜೊತೆ ಮಾತ್ರ ತಿನ್ನುತ್ತೇನೆ, ಉಳಿದ ದಿನ ಬೇಳೆ, ಬದನೆ, ಗಂಜಿ.

ಒಂದು ಕಥೆ ಹೇಳಿ ನಿಲ್ಲಿಸುತ್ತೇನೆ. ಮಿಶ್ನಾ ಎಂಬ ಹಳೆಯ ಕಟ್ಟಳೆಗಳ ಗ್ರಂಥ ಸಂಕಲಿಸಿದ ರಬ್ಬಿ ಯೆಹೂದಾ ಹನಾಸಿ ಇದ್ದರು, ಸುಮಾರು 1,800 ವರ್ಷ ಹಿಂದೆ. ಕೊಯ್ಯಲು ಒಯ್ಯುತ್ತಿದ್ದ ಒಂದು ಕರು ತಪ್ಪಿಸಿಕೊಂಡು ಬಂದು ಅವರ ನಿಲುವಂಗಿಯೊಳಗೆ ತಲೆ ತೂರಿಸಿ ಅತ್ತಿತು. "ಹೋಗು, ನೀನು ಹುಟ್ಟಿರುವುದೇ ಇದಕ್ಕೆ" ಅಂದರು ಅವರು. ಕರುಣೆ ತೋರಲಿಲ್ಲ ಎಂದು ಸ್ವರ್ಗದಲ್ಲಿ ತೀರ್ಮಾನವಾಗಿ ಅವರಿಗೆ ನೋವಿನ ಕಾಯಿಲೆ ಬಂತು. ಹದಿಮೂರು ವರ್ಷ ಬಿಡಲಿಲ್ಲ. ಒಂದು ದಿನ ಮನೆಯ ಕೆಲಸದ ಹೆಂಗಸು ಕಸ ಗುಡಿಸುತ್ತಿದ್ದಳು. ಮೂಲೆಯಲ್ಲಿ ಮುಂಗುಸಿಯಂಥ ಪ್ರಾಣಿಯ ಪುಟ್ಟ ಮರಿಗಳು. ಅವನ್ನೂ ಗುಡಿಸಿ ಹೊರಗೆ ಹಾಕಲು ಹೊರಟಾಗ ಅವರು ತಡೆದರು: "ಬಿಡು, ಆತನ ಕರುಣೆ ಆತನು ಸೃಷ್ಟಿಸಿದ ಎಲ್ಲದರ ಮೇಲೂ ಇದೆ ಎಂದು ಬರೆದಿದೆ." ಕಾಯಿಲೆ ಹೋಯಿತು. ಅವರು ಹೇಳಿದ್ದು ಕೀರ್ತನೆ 145ರ ಮಾತು, ಇವರು ದಿನಕ್ಕೆ ಮೂರು ಸಲ ಪ್ರಾರ್ಥನೆಯಲ್ಲಿ ಹೇಳುವ ಕೀರ್ತನೆ. ಅಷ್ಟು ಕಲಿತವರಿಗೆ ಆ ಸಾಲು ಬಾಯಿಪಾಠ ಇರಲಿಲ್ಲವೇ? ಇತ್ತು. ಆದರೂ ಅದು ನಾಲಗೆಯಿಂದ ಕೈಗೆ ಇಳಿದದ್ದು ಕೆಲಸದವಳ ಪೊರಕೆಯ ಎದುರಿಗೆ. ನಾವು ಆ ಹೆಂಗಸಿನ ಕೆಲಸ ಮಾಡುವವರು ಮಗಾ. ನನಗೆ ಈ ಕಥೆ ಸಾವ್ತಾ ಹೇಳಿದ್ದು, ನಾನು ನೆಲ ಒರೆಸುತ್ತಿದ್ದಾಗ.

ಆ ಅಜ್ಜನಿಗೂ ಹೀಗೇ ಏನಾದರೂ ಹೇಳುವುದಕ್ಕಿರಬಹುದು. ಹೀಬ್ರೂ ಬೇಗ ಕಲಿ.

ಬರುವಾಗ ನನಗಾಗಿ ಒಂದು ಸಣ್ಣ ಕಬ್ಬಿಣದ ಕಾವಲಿ ತಾ, ಹೊಸತೇ ಆಗಿರಲಿ, ಒಂದು ಸಲವೂ ಬಳಸಿರಬಾರದು. ಸಾವ್ತಾಗೆ ನೀರುದೋಸೆ ಇಷ್ಟ. ಶುಕ್ರವಾರ ಇಳಿಯುವುದಾದರೆ ಬೆಳಗಿನ ವಿಮಾನವೇ ನೋಡು, ಸಂಜೆಯ ಮೇಲೆ ಸಬ್ಬತ್, ಇಲ್ಲಿ ಬಸ್ಸೂ ಇಲ್ಲ, ನಾನು ಈ ಮನೆಯಲ್ಲಿ ಫೋನೂ ಎತ್ತುವುದಿಲ್ಲ.

ನಿನ್ನ ಪ್ರೀತಿಯ
ಅತ್ತೆ