ಚಪ್ಪಲಿ ಜಾರುವ ವಿಷಯ

ಪ್ರೀತಿಯ ಮಂಜು,

ನೀನು ಕಳಿಸಿದ ನಿನ್ನ ಸೊಂಟದ ಎಂಆರ್‌ಐ ರಿಪೋರ್ಟ್ ನೋಡಿದೆ. ಜೊತೆಗೆ ಆ ರೀಲ್ಸ್ ಕೂಡ. ಒಬ್ಬ ದಾಂಡಿಗ ಇನ್ನೊಬ್ಬನ ಕತ್ತಿಗೆ ಟವೆಲ್ ಸುತ್ತಿ ಜಗ್ಗುತ್ತಾನೆ, ಲಟಕ್ ಅನ್ನುತ್ತದೆ, ಮಲಗಿದ್ದವನು ಎದ್ದು ನಗುತ್ತಾನೆ. ‘ಕೈರೊಪ್ರಾಕ್ಟಿಕ್ ಅಂತೆ, ಬೆನ್ನುಮೂಳೆಗೆ ಕೈಯಿಂದ ಮಾಡುವ ಚಿಕಿತ್ಸೆ, ನಿಮ್ಮೂರಲ್ಲೇ ಹುಟ್ಟಿದ ವಿದ್ಯೆಯಂತೆ, ನಾನೂ ಮಾಡಿಸಿಕೊಳ್ಳಲಾ?’ ಅಂತ ಕೇಳಿದ್ದೀಯ. ತಡಿ ಮಾರಾಯ.

ಹುಟ್ಟಿದ್ದು ಇಲ್ಲೇ, ನಿಜ. 1895ರಲ್ಲಿ ಅಮೆರಿಕದ ಈ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬಾತ ಕಿವಿ ಮಂದವಾಗಿದ್ದ ಒಬ್ಬ ಕೆಲಸದವನ ಬೆನ್ನುಮೂಳೆ ಒತ್ತಿದ, ಅವನಿಗೆ ಕಿವಿ ಕೇಳಿಸಿತು ಅಂತ ಕಥೆ. ಕಿವಿ ಕಥೆಯನ್ನು ನಾನಂತೂ ನಂಬಲ್ಲ. ಸೊಂಟನೋವಿನ ಮಾತು ಬೇರೆ. ಇಲ್ಲಿನ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್, 2017ರಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗಿಂತ ಮುಂಚೆ ನೋಡಬಹುದಾದ ಚಿಕಿತ್ಸೆಗಳನ್ನು ಹೇಳಿತು. ಶಾಖ, ಮಸಾಜ್, ಅಕ್ಯುಪಂಕ್ಚರ್ ಜೊತೆ ಬೆನ್ನುಮೂಳೆಯ ಈ ಕೈಚಿಕಿತ್ಸೆಯೂ ಅದರಲ್ಲಿದೆ.

ನನ್ನ ಕಥೆ ನಿನಗೆ ಪೂರ್ತಿ ಹೇಳಿರಲಿಲ್ಲ ಅಲ್ವಾ? ಹೋದ ವರ್ಷ ಜನವರಿಯಲ್ಲಿ ಮನೆ ಮುಂದೆ ಹಿಮ ಗೋರುತ್ತಿದ್ದೆ. ಒದ್ದೆ ಹಿಮ ಬಲು ಭಾರ. ಸಲಿಕೆ ತುಂಬ ಎತ್ತಿ ಪಕ್ಕಕ್ಕೆ ತಿರುಗಿದೆ ನೋಡು, ಸೊಂಟ ಹಿಡಿಯಿತು. ಮೂರನೇ ದಿನಕ್ಕೆ ಎಡ ಕುಂಡೆಯಿಂದ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಸೆಳೆತ. ಸೀನು ಬಂದರೆ ಗೋಡೆ ಹಿಡಿದುಕೊಳ್ಳುತ್ತಿದ್ದೆ.

ಮೊದಲು ಹೋದ ಕೈರೊಪ್ರಾಕ್ಟರ್ ಕಡೆ ನಲವತ್ತು ಸಲದ ಪ್ಯಾಕೇಜ್ ಮುಂದಿಟ್ಟರು. ಎದ್ದು ಬಂದೆ. ಎರಡನೆಯ ಕಡೆ ಒಬ್ಬರು ವಯಸ್ಸಾದ ಹೆಂಗಸು. ಅರ್ಧ ಗಂಟೆ ಬರೀ ಪರೀಕ್ಷೆ ಮಾಡಿದರು. ಅಂಗಾತ ಮಲಗಿಸಿ ಕಾಲು ನೆಟ್ಟಗೆ ಎತ್ತಿ, ಎಲ್ಲಿಗೆ ಬಂದಾಗ ಸೆಳೆಯುತ್ತದೆ ಅಂತ ನೋಡಿದರು. ಮಂಡಿಗೆ, ಹಿಮ್ಮಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲಿನ ಹೆಬ್ಬೆರಳು ಮೇಲೆತ್ತಿಸಿ, ಅದನ್ನು ಒತ್ತಿ ಬಲ ನೋಡಿದರು. ಉಚ್ಚೆ, ಕಕ್ಕಸು ಹಿಡಿತದಲ್ಲಿದೆಯಾ, ಕೂರುವ ಜಾಗ ಮರಗಟ್ಟಿದೆಯಾ ಅಂತ ಕೇಳಿದರು. ‘ಹಿಡಿತ ತಪ್ಪಿದ್ದರೆ ನಿಮ್ಮನ್ನು ಮುಟ್ಟುತ್ತಲೇ ಇರಲಿಲ್ಲ, ನೇರ ಆಸ್ಪತ್ರೆಗೆ ಕಳಿಸುತ್ತಿದ್ದೆ’ ಅಂದರು.

ಆಮೇಲೆ ಬೋರಲಾಗಿ ಮಲಗಿಸಿದರು. ಟೇಬಲ್ ಸೊಂಟದ ಹತ್ತಿರ ಎರಡು ಭಾಗ. ಒಂದು ಕೈ ನನ್ನ ಸೊಂಟದ ಮೂಳೆ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಕಾಲಿನ ಕಡೆಯ ಭಾಗವನ್ನು ನಿಧಾನಕ್ಕೆ ಕೆಳಗಿಳಿಸಿದರು, ಮತ್ತೆ ಮೇಲೆ ತಂದರು. ಮತ್ತೆ ಕೆಳಗೆ. ಹಸುಗೂಸಿಗೆ ಎಣ್ಣೆ ತಿಕ್ಕಿ ಕಾಲು ನೀವುತ್ತಾರಲ್ಲ, ಅಷ್ಟು ಹಗುರ. ನಾನು ಲಟಕ್‌ಗೆ ಕಾಯುತ್ತಾ ಹಲ್ಲು ಕಚ್ಚಿ ಮಲಗಿದ್ದೆ. ಬರಲೇ ಇಲ್ಲ. ಈ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದ್ದು ಜೇಮ್ಸ್ ಕಾಕ್ಸ್ ಎಂಬ ಕೈರೊಪ್ರಾಕ್ಟರ್ ಅಂತೆ. ತಿರುಚುವುದಿಲ್ಲ, ರಭಸದಿಂದ ಜಗ್ಗುವುದಿಲ್ಲ.

‘ಡಿಸ್ಕ್ ಸರಿದಿದೆ, ಕೂರಿಸಬೇಕು’ ಅಂತ ಬರೆದಿದ್ದೀಯಲ್ಲ, ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದು ಕೇರಂ ಕಾಯಿಯ ಹಾಗೆ ಸರಿಯುವ ವಸ್ತುವಲ್ಲ ಕಣೋ. ಒಬ್ಬಟ್ಟು ನೆನೆಸಿಕೋ. ಹೊರಗೆ ಕಣಕ, ಒಳಗೆ ಹೂರಣ. ಕಣಕ ತೆಳುವಾದ ಕಡೆ ಉಬ್ಬುತ್ತದೆ, ಒಮ್ಮೊಮ್ಮೆ ಒಡೆದು ಹೂರಣ ಹೊರಗೆ ಬರುತ್ತದೆ. ಪಕ್ಕದಲ್ಲೇ ಕಾಲಿಗೆ ಹೋಗುವ ನರ. ಹೊರಬಂದ ಹೂರಣವನ್ನು ಗುದ್ದಿ ಒಳಗೆ ಕಳಿಸಲು ಯಾರಿಂದಲೂ ಆಗಲ್ಲ. ಎಷ್ಟೋ ಜನರಲ್ಲಿ ಮೈಯೇ ಅದನ್ನು ಕೆಲವು ತಿಂಗಳಲ್ಲಿ ಕರಗಿಸಿಕೊಳ್ಳುತ್ತದೆ. ಆ ಲಟಕ್ ಕೂಡ ಮೂಳೆ ಕೂತ ಸದ್ದಲ್ಲ, ಕೀಲಿನ ನೀರಿನಲ್ಲಿ ಏಳುವ ಗಾಳಿಗುಳ್ಳೆಯದ್ದು.

ಆರು ವಾರದಲ್ಲಿ ಎಂಟು ಸಲ ಹೋದೆ. ಸೆಳೆತ ಮೊದಲು ಪಾದ ಬಿಟ್ಟಿತು, ಆಮೇಲೆ ಮೀನಖಂಡ, ಕೊನೆಗೆ ಕುಂಡೆ. ಟೇಬಲ್‌ನಿಂದ ಹೋಯಿತೋ, ದಿನಾ ನಡೆದಿದ್ದರಿಂದ ಹೋಯಿತೋ, ಸುಮ್ನೆ ದಿನ ಕಳೆದಿದ್ದರಿಂದಲೋ, ಆಣೆ ಮಾಡಿ ಹೇಳಲಾರೆ. ಟೇಬಲ್‌ನಿಂದ ಎದ್ದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು, ಅಷ್ಟು ನಿಜ.

ರಿಪೋರ್ಟ್‌ನಲ್ಲಿ ‘ಬಲ್ಜ್’, ಅಂದರೆ ಡಿಸ್ಕ್ ಉಬ್ಬಿದೆ ಅಂತ ಇದ್ದಿದ್ದಕ್ಕೆ ನಿನ್ನ ಹೆಂಡತಿ ಅತ್ತಳಂತೆ. ನೋವೇ ಇಲ್ಲದ 50ರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ ಸುಮಾರು 60 ಜನಕ್ಕೆ ಬಲ್ಜ್ ಇರುತ್ತದೆ, ಹೇಳು ಅವಳಿಗೆ. ಆ ಪದಕ್ಕೆ ನಾನು ಹೆದರಲಿಲ್ಲ.

ಹೆದರಿದ್ದು ನಿನ್ನ ವಾಯ್ಸ್ ಮೆಸೇಜ್‌ನ ಕೊನೆಯಲ್ಲಿ ನೀನು ನಕ್ಕು ಹೇಳಿದ ಮಾತಿಗೆ. ತೋಟಕ್ಕೆ ಹೋಗುವಾಗ ಬಲಗಾಲಿನ ಚಪ್ಪಲಿ ಗೊತ್ತಿಲ್ಲದೆ ಜಾರಿ ಹೋಗುತ್ತೆ ಅಂದೆಯಲ್ಲ, ಅದು ನಗುವ ವಿಷಯವಲ್ಲ. ಪಾದದ ಬಲ ಕಡಿಮೆಯಾದರೆ ಹಾಗಾಗುತ್ತದೆ. ಈ ಪತ್ರ ಕೆಳಗಿಟ್ಟು ಈಗಲೇ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆ. ಗೋಡೆ ಹಿಡಿದುಕೊಂಡು ಮಾಡು. ಬಲಪಾದ ಮೇಲೇಳದಿದ್ದರೆ ಕೈರೊಪ್ರಾಕ್ಟರೂ ಬೇಡ, ಉಳುಕು ತೆಗೆಯುವವರೂ ಬೇಡ. ನಾಳೆಯೇ ಶಿವಮೊಗ್ಗಕ್ಕೆ ಹೋಗಿ ನರದ ಡಾಕ್ಟರನ್ನು ನೋಡು. ಪಾದ ಚೆನ್ನಾಗಿ ಎದ್ದರೂ ಚಪ್ಪಲಿ ಜಾರುವುದನ್ನು ಹೇಳಿ ಈ ವಾರವೇ ತೋರಿಸು. ಉಚ್ಚೆ ಕಟ್ಟಿದರೆ ಬೆಳಗಾಗುವವರೆಗೂ ಕಾಯಬೇಡ.

ನಿಮ್ಮಜ್ಜಿ ಸೊಂಟ ಹಿಡಿದಾಗಲೆಲ್ಲ ನನಗೆ ಹೇಳಿ ಕಳಿಸುತ್ತಿದ್ದರು, ನೆನಪಿದೆಯಾ? ನಾನು ಕಾಲು ಮುಂದಾಗಿ ಹುಟ್ಟಿದವನು, ಒದ್ದರೆ ಉಳುಕು ಹೋಗುತ್ತದೆ ಅಂತ. ಹೆದರಿ ಹೆದರಿ ಕಾಲು ತಾಗಿಸುತ್ತಿದ್ದೆ, ಪ್ರತಿ ಸಲ ಒಂದು ಕೋಡುಬಳೆ ಸಿಗುತ್ತಿತ್ತು.

ನಡೆದು ನೋಡಿ ಫೋನ್ ಮಾಡು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ,
ಸುಬ್ಬು