ಮಂಗಳನ ಮರಳು ಬರಿಯ ಕೆಂಪು ಧೂಳಲ್ಲ

ಮಾನ್ಯ ಸಂಪಾದಕರೇ,

ಮಂಗಳ ಗ್ರಹದ ಚಿತ್ರ ಅಚ್ಚಾದಾಗಲೆಲ್ಲ ಅದರ ಕೆಳಗೆ ‘ತುಕ್ಕು ಹಿಡಿದ ಕೆಂಪು ಮರಳು’ ಎಂದು ಬರೆಯುವುದು ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಆ ಗ್ರಹಕ್ಕೆ ಕೆಂಪು ಬಣ್ಣ ಬಂದಿರುವುದು ಎಲ್ಲೆಡೆ ಹರಡಿರುವ, ಕಬ್ಬಿಣದ ಆಕ್ಸೈಡ್ ಬೆರೆತ ನವಿರಾದ ಧೂಳಿನಿಂದ. ಗಾಳಿಗೆ ಸರಿಯುತ್ತಲೇ ಇರುವ ಮರಳುದಿಬ್ಬಗಳ ಮೇಲೆ ಆ ಧೂಳು ಹೆಚ್ಚು ನಿಲ್ಲುವುದಿಲ್ಲವಾದ್ದರಿಂದ ಅವು ಕಡುಬೂದು ಬಣ್ಣದಲ್ಲಿ ಕಾಣುತ್ತವೆ.

ಮಂಗಳನ ನೆಲದ ಮೇಲೆ ಓಡಾಡುವ ನಾಸಾದ ಯಂತ್ರವಾಹನ ಕ್ಯೂರಿಯಾಸಿಟಿ ರೋವರ್ 2015ರ ಕೊನೆಯಲ್ಲಿ ಗೇಲ್ ಕುಳಿಯ ಬ್ಯಾಗ್ನಾಲ್ಡ್ ದಿಬ್ಬಗಳನ್ನು ತಲುಪಿತು. ಚಲಿಸುತ್ತಿರುವ ದಿಬ್ಬವೊಂದನ್ನು ಬೇರೊಂದು ಗ್ರಹದಲ್ಲಿ ಹತ್ತಿರದಿಂದ ಪರಿಶೀಲಿಸಿದ್ದು ಅದೇ ಮೊದಲು. 2016ರ ಆರಂಭದಲ್ಲಿ ‘ನಮೀಬ್’ ಎಂಬ ದಿಬ್ಬದಿಂದ ಬಾಚಿದ ಮರಳನ್ನು ರೋವರ್ ತನ್ನೊಳಗೇ ಜರಡಿ ಹಿಡಿದು, 150 ಮೈಕ್ರೋಮೀಟರಿಗಿಂತ (ಅಂದರೆ 0.15 ಮಿಲಿಮೀಟರಿಗಿಂತ) ಸಣ್ಣ ಕಣಗಳನ್ನು ಕೆಮಿನ್ ಎಂಬ ಉಪಕರಣಕ್ಕೆ ಕೊಟ್ಟಿತು. ಕಂಪಿಸುತ್ತಿರುವ ಪುಟ್ಟ ಕೋಶದಲ್ಲಿನ ಆ ಚಿಟಿಕೆ ಮರಳಿನ ಮೂಲಕ ಕ್ಷ-ಕಿರಣ ಹಾಯ್ದಾಗ ಪ್ರತಿಯೊಂದು ಖನಿಜವೂ ತನ್ನದೇ ಆದ ಉಂಗುರಗಳ ವಿನ್ಯಾಸವನ್ನು ಮೂಡಿಸುತ್ತದೆ. ಯಾವ ಖನಿಜ ಎಷ್ಟಿದೆ ಎಂಬುದನ್ನು ಅದರಿಂದಲೇ ಲೆಕ್ಕ ಹಾಕುತ್ತಾರೆ. ಅಲ್ಲಿ ಕಂಡದ್ದು ಮುಖ್ಯವಾಗಿ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಮತ್ತು ಆಲಿವಿನ್ ಎಂಬ ಖನಿಜಗಳು, ಜೊತೆಗೆ ಅಲ್ಪ ಪ್ರಮಾಣದಲ್ಲಿ ಕಬ್ಬಿಣದ ಆಕ್ಸೈಡ್‌ಗಳಾದ ಮ್ಯಾಗ್ನೆಟೈಟ್, ಹೆಮಟೈಟ್. ಹರಳಾಗದ, ಗಾಜಿನಂತಹ ಪದಾರ್ಥದ ಪಾಲೂ ಗಣನೀಯವಾಗಿತ್ತು. ಒಟ್ಟಿನಲ್ಲಿ ಇದು ಲಾವಾ ತಣಿದು ಗಟ್ಟಿಯಾದ ಬಸಾಲ್ಟ್ ಶಿಲೆಯ ಪುಡಿ. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲಿನ ಹತ್ತಿರದ ಬಂಧು. ಆದರೆ ನಮ್ಮ ನದಿಗಳ ಮರಳಿನಲ್ಲಿ, ತಲಕಾಡಿನ ದಿಬ್ಬಗಳಲ್ಲಿಯೂ, ಉಳಿದವೆಲ್ಲ ಸವೆದ ಮೇಲೂ ಗಟ್ಟಿಯಾಗಿ ನಿಲ್ಲುವ ಬೆಣಚುಕಲ್ಲಿನ ಕಣಗಳೇ ಎದ್ದು ಕಾಣುತ್ತವೆ.

ಇಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಆಲಿವಿನ್. ನೀರಿನ ಸಂಪರ್ಕದಲ್ಲಿ ಬೇಗನೆ ಶಿಥಿಲವಾಗಿ ಬೇರೆ ಖನಿಜಗಳಾಗಿ ಮಾರ್ಪಡುವ ಈ ಖನಿಜ ದಿಬ್ಬದಲ್ಲಿ ಧಾರಾಳವಾಗಿ ಉಳಿದಿದೆಯೆಂದರೆ, ಆ ಮರಳು ದೀರ್ಘಕಾಲ ನೀರಿನಲ್ಲಿ ನೆನೆದದ್ದಲ್ಲ ಎಂದೇ ಅರ್ಥ. ಅದೇ ಕುಳಿಯ ಹಳೆಯ ಕೆಸರುಶಿಲೆಗಳಲ್ಲಾದರೋ ಜೇಡಿಖನಿಜಗಳು ಸಿಕ್ಕಿವೆ, ಒಂದು ಕಾಲದಲ್ಲಿ ಅಲ್ಲಿ ಕೆರೆಯಿತ್ತೆಂಬುದಕ್ಕೆ ಅವು ಸಾಕ್ಷಿ. ನೀರಿದ್ದ ಕಾಲ ಮತ್ತು ಇಂದಿನ ಒಣ ಕಾಲ ಎರಡನ್ನೂ ಒಂದೇ ಕುಳಿಯಲ್ಲಿ ಖನಿಜಗಳ ಮೂಲಕವೇ ಓದಬಹುದೆಂಬುದು ಭೂವಿಜ್ಞಾನ ಕಲಿಸಿದ ನನ್ನಂಥವನಿಗೆ ರೋಮಾಂಚನದ ಸಂಗತಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಗಾಳಿ ಕಣಗಳನ್ನು ಗಾತ್ರ, ತೂಕ ನೋಡಿ ವಿಂಗಡಿಸುತ್ತದೆ. ಈ ದಿಬ್ಬಗಳ ದಪ್ಪ ಕಣಗಳಲ್ಲಿ ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಖನಿಜಗಳ ಪಾಲು ಅಧಿಕವೆಂದು ರೋವರಿನ ಲೇಸರ್ ಉಪಕರಣ ತೋರಿಸಿದೆ. ಆದ್ದರಿಂದ ಜರಡಿಯಿಂದ ಇಳಿದ ನುಣುಪು ಮರಳಿನ ಲೆಕ್ಕವನ್ನೇ ಇಡೀ ದಿಬ್ಬದ ಲೆಕ್ಕವೆಂದು ಹೇಳಲಾಗದು. ಕಕ್ಷೆಯಿಂದ ಪಡೆದ ರೋಹಿತದ (ಬೆಳಕನ್ನು ತರಂಗಗಳಾಗಿ ಬಿಡಿಸಿ ನೋಡಿದ) ಮಾಹಿತಿಯನ್ನು ನೆಲದ ಮೇಲಿನ ಪರೀಕ್ಷೆಯೊಂದಿಗೆ ತಾಳೆ ನೋಡುವ ಅಗತ್ಯ ಬರುವುದೂ ಇದರಿಂದಲೇ. ಅಲ್ಲದೆ ಮಂಗಳನ ದಿಬ್ಬಗಳೆಲ್ಲ ಒಂದೇ ಬಗೆಯವಲ್ಲ: ಉತ್ತರ ಧ್ರುವದ ಸುತ್ತಲಿನ ಒಲಿಂಪಿಯಾ ದಿಬ್ಬಗಳಲ್ಲಿ ಜಿಪ್ಸಂ ಇರುವುದನ್ನು ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಕಕ್ಷೆಯಿಂದಲೇ ಪತ್ತೆ ಮಾಡಿತು, ಮತ್ತು ಜಿಪ್ಸಂ ರೂಪುಗೊಳ್ಳಲು ನೀರು ಬೇಕೇ ಬೇಕು.

ಮಂಗಳಯಾನದ ಯಶಸ್ಸನ್ನು ಮುಖಪುಟದಲ್ಲಿ ಸಂಭ್ರಮಿಸಿದ ಕನ್ನಡ ಓದುಗರಿಗೆ ಇಂತಹ ವಿವರ ಭಾರವಾಗಲಾರದು. ವಿಜ್ಞಾನ ಪುಟದಲ್ಲಿ ಮುಂದೆ ಮಂಗಳನ ಚಿತ್ರ ಪ್ರಕಟಿಸುವಾಗ ಅದು ಧೂಳೋ, ದಿಬ್ಬದ ಮರಳೋ, ಶಿಲೆಯೋ ಎಂಬುದನ್ನೂ, ಅದರಲ್ಲಿ ಯಾವ ಖನಿಜ ಕಂಡಿದೆ ಎಂಬುದನ್ನೂ ಒಂದೆರಡು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಭೂವಿಜ್ಞಾನದ ನಿವೃತ್ತ ಉಪನ್ಯಾಸಕ, ಧಾರವಾಡ